ಒಗ್ಯಾಣ: ನವಿಲುತೀರ್ಥ ಸೀಮೆಯ ಬಟ್ಟೆ ಒಗೆತ ಮತ್ತು ಅದರ ಕಟ್ಟಳೆಗಳು

ಒಗ್ಯಾಣ ಎಂದರೆ ಬಟ್ಟೆ ಒಗೆಯುವ ಕೆಲಸ. ಬೆಳಗಾವಿ, ಧಾರವಾಡ ಕಡೆಯ ಮನೆಮಾತು ಇದು. ಬಟ್ಟೆಗೆ ಇಲ್ಲಿ ಅರಿಬಿ ಎನ್ನುತ್ತಾರೆ, ಸಾಬೂನಿಗೆ ಸಾಬಾಣ. ಮಲಪ್ರಭೆ ನವಿಲುತೀರ್ಥದ ಗುಡ್ಡಗಳನ್ನು ಸೀಳಿಕೊಂಡು ಹೋಗುವ ಸವದತ್ತಿ, ಅದಕ್ಕೆ ಮೇಲುಗಡೆಯ ಬೈಲಹೊಂಗಲ ಮತ್ತು ಕಿತ್ತೂರು, ಕೆಳಗಡೆಯ ರಾಮದುರ್ಗ, ಈ ನಾಲ್ಕು ಕಡೆಯೂ ಯಾವ ದಿನ ಒಗೆಯಬೇಕು, ಯಾರು ಒಗೆಯಬೇಕು, ಯಾವ ನೀರಿನಲ್ಲಿ ಒಗೆಯಬೇಕು, ಯಾವುದನ್ನು ಯಾವುದರ ಜೊತೆ ನೆನೆ ಹಾಕಬಾರದು ಎಂಬುದಕ್ಕೆಲ್ಲ ಕಟ್ಟಳೆಗಳಿದ್ದವು. ಹಲವು ಇನ್ನೂ ಇವೆ. ಅವುಗಳಲ್ಲಿ ಕೆಲವು ಅರಿಬಿಯ ಬಾಳಿಕೆಗಾಗಿ ಹುಟ್ಟಿದವು, ಕೆಲವು ಮೈಯ ಆರೋಗ್ಯಕ್ಕಾಗಿ, ಇನ್ನು ಕೆಲವು ಜಾತಿಯ ಮೇಲು-ಕೀಳನ್ನು ಕಾಯುವುದಕ್ಕಾಗಿ. ಮೂರನ್ನೂ ಮಡಿ ಎಂಬ ಒಂದೇ ಗಂಟಿನಲ್ಲಿ ಕಟ್ಟಿಟ್ಟದ್ದರಿಂದ ಬಿಡಿಸಿ ನೋಡುವುದು ಕಷ್ಟವಾಯಿತು. ಬಿಡಿಸುವ ದಾರಿ ನೀರಿನದು. ನೀರು ಬದಲಾದಾಗ ಯಾವ ಕಟ್ಟಳೆ ಬಿತ್ತು, ಯಾವುದು ನಿಂತಿತು ಎಂದು ನೋಡಿದರೆ ಅದರ ಬೇರು ಎಲ್ಲಿದೆ ಎಂಬುದು ಕಾಣುತ್ತದೆ.

ನೀರು, ಮಣ್ಣು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊತ್ತಿಗೆ ಸುಮಾರು 304 ಕಿ.ಮೀ. ಹರಿದಿರುತ್ತದೆ. ಮೇಲಿನ ಹರಿವಿನ ನೀರು ಘಟ್ಟದ ಮಳೆಯ ನೀರು. ಅದರಲ್ಲಿ ಸುಣ್ಣದ ಅಂಶ ಕಡಿಮೆ, ಸಾಬಾಣ ಬೇಗ ನೊರೆ ಬಿಡುತ್ತದೆ. ಮೂಡಣಕ್ಕೆ ಹೋದಂತೆ ಮಳೆ ಇಳಿಯುತ್ತದೆ, ಬಾವಿ ಆಳವಾಗುತ್ತದೆ, ನೀರು ಗಡಸಾಗುತ್ತದೆ. ಸುಣ್ಣಕಲ್ಲಿನ ಪದರಗಳಿರುವ ಕಡೆ ಕೊರೆದ ಬೋರಿನ ನೀರಿಗೆ ಸಾಬಾಣ ಹಾಕಿದರೆ ನೊರೆಯ ಬದಲು ಬೂದುಬಣ್ಣದ ಕಸರು ತೇಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬಾಣದ ಕೊಬ್ಬಿನ ಆಮ್ಲಕ್ಕೆ ಅಂಟಿಕೊಂಡು ಕರಗದ ಜಿಡ್ಡಾಗುವುದರಿಂದ ಹೀಗಾಗುತ್ತದೆ. ಹೆಣ್ಣುಮಕ್ಕಳು ಇದನ್ನು ಪರೀಕ್ಷಿಸುತ್ತಿದ್ದದ್ದು ಅಡುಗೆಮನೆಯಲ್ಲಿ. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೋ ಆ ನೀರಿನಲ್ಲಿ ಅರಿಬಿಯೂ ಬೆಳ್ಳಗಾಗುವುದಿಲ್ಲ. ಈ ಒಂದು ತಿಳಿವಿನಿಂದಲೇ ಊರಿನ ಬಾವಿಗಳನ್ನು ಕುಡಿಯುವುದಕ್ಕೆ, ಒಗೆಯುವುದಕ್ಕೆ, ದನಕ್ಕೆ ಎಂದು ವಿಂಗಡಿಸಿದ್ದರು. ಮನೆಯಂಗಳದಲ್ಲಿ ಬಾವಿ ಇದ್ದರೂ ಗಂಟು ಹೊತ್ತು ಮೈಲಿ ದೂರದ ಹಳ್ಳಕ್ಕೆ ಹೋಗುತ್ತಿದ್ದವರಿಗೆ ಇದೇ ಕಾರಣ.

ಇನ್ನು ಮಣ್ಣು. ಬೈಲಹೊಂಗಲ, ಸವದತ್ತಿಯ ಬಯಲೆಲ್ಲ ಎರೆ. ಹತ್ತಿ, ಜೋಳ, ಕಡಲೆಯ ಭೂಮಿ ಅದು. ಆ ಕರಿಯ ನೆಲದಲ್ಲಿ ದುಡಿಯುವ ಗಂಡಸಿನ ಉಡುಪು ಮಾತ್ರ ಅಪ್ಪಟ ಬಿಳುಪು: ಬಿಳಿ ಧೋತರ, ಬಿಳಿ ನೆಹರೂ ಅಂಗಿ, ಬಿಳಿ ಪಟಗ ಅಥವಾ ಟೋಪಿ. ಕರಿ ಮಣ್ಣಿಗೂ ಬಿಳಿ ಧೋತರಕ್ಕೂ ನಡುವೆ ಹೆಂಗಸಿನ ಎರಡು ಕೈಗಳಿದ್ದವು ಎಂಬುದನ್ನು ಈ ಸೀಮೆಯ ಉಡುಪಿನ ಸೊಬಗನ್ನು ಹೊಗಳುವವರು ಮರೆಯಬಾರದು. ಎರೆಯ ಕಣಗಳು ಬಹು ನುಣುಪು. ಒದ್ದೆಯಾದರೆ ಉಬ್ಬಿ ಅಂಟಾಗುತ್ತವೆ, ತಿಕ್ಕಿದಷ್ಟೂ ನೂಲಿನ ಒಳಕ್ಕೆ ಇಳಿಯುತ್ತವೆ. ಅದಕ್ಕೇ ಹೊಸ ಸೊಸೆಗೆ ಅತ್ತೆ ಹೇಳಿಕೊಡುತ್ತಿದ್ದ ಮೊದಲ ಪಾಠ, "ಹಸಿ ಎರಿ ತಿಕ್ಕಬ್ಯಾಡವಾ, ಒಣಗಲಿ ಬಿಡು." ಒಣಗಿದ ಮೇಲೆ ಕೊಡವಿ, ಬರಿಯ ನೀರಿನಲ್ಲಿ ಅದ್ದಿ ತೆಗೆದು, ಆಮೇಲೆ ಸಾಬಾಣ. ಈ ಕಟ್ಟಳೆಯನ್ನು ಮುರಿದವರ ಧೋತರದ ಅಂಚು ವರ್ಷವಿಡೀ ಬೂದಿಬಣ್ಣವೇ. ಬಂಡಿಯ ಕೀಲೆಣ್ಣೆ ತಾಗಿದ ಕಡೆ ಮೊದಲು ಚಿಮಣಿ ಎಣ್ಣೆ ಹಚ್ಚಿ ಕರೆ ಸಡಿಲಿಸುವುದೂ ಇದೇ ಬಗೆಯ ಅನುಭವದ ಪಾಠ. ಎಣ್ಣೆಯನ್ನು ಎಣ್ಣೆಯೇ ಬಿಡಿಸುತ್ತದೆ, ನೀರಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರ ಒಗ್ಯಾಣ ಬೇರೆಯದೇ ಕಥೆ. ಭರತ ಹುಣ್ಣಿಮೆಯ ಜಾತ್ರೆಯಿಂದ ಮರಳಿದ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಭಂಡಾರದ ಅರಿಷಿಣ ಮೆತ್ತದ ಬಟ್ಟೆ ಒಂದೂ ಇರುವುದಿಲ್ಲ. ಅರಿಷಿಣಕ್ಕೆ ಸಾಬಾಣ ತಾಗಿದ ಕೂಡಲೇ ಹಳದಿ ಕೆಂಪಾಗುತ್ತದೆ. ಇದನ್ನು ಕಂಡು ಬೆದರಿ ಇನ್ನಷ್ಟು ತಿಕ್ಕಿದವರುಂಟು, ದೇವಿಯ ಮಹಿಮೆ ಎಂದು ಕೈಮುಗಿದವರೂ ಉಂಟು. ಅರಿಷಿಣದ ಬಣ್ಣ ಕ್ಷಾರದಲ್ಲಿ ಕೆಂಪಾಗುವುದು ಅದರ ಗುಣ. ಚೆನ್ನಾಗಿ ಜಾಲಾಡಿಸಿದರೆ ಹಳದಿಗೆ ಮರಳುತ್ತದೆ. ಬಿಸಿಲಿನ ಮುಂದೆ ಮಾತ್ರ ಆ ಬಣ್ಣ ನಿಲ್ಲದು. ಒದ್ದೆ ಬಟ್ಟೆಯನ್ನು ಎರಡು ಮೂರು ದಿನ ಸುಡುಬಿಸಿಲಿಗೆ ಹರವಿದರೆ ತಾನಾಗಿ ಮಾಯವಾಗುತ್ತದೆ. ಊರಿನ ಅಜ್ಜಿಯರು ಕಾರಣ ಹೇಳದಿದ್ದರೂ ಮಾಡುತ್ತಿದ್ದದ್ದು ಅದನ್ನೇ.

ಸವಳು, ಸೀಗೆ, ಸಾಬಾಣ

ಸಾಬಾಣ ಬರುವ ಮೊದಲು ಈ ನೆಲದ ಮಾರ್ಜಕ ನೆಲದಲ್ಲೇ ಇತ್ತು. ತಗ್ಗಿನ ಹೊಲಗಳಲ್ಲಿ, ಹಳ್ಳದ ದಂಡೆಯಲ್ಲಿ ಬೇಸಿಗೆಯಲ್ಲಿ ಬೆಳ್ಳಗೆ ಉಕ್ಕುವ ಸವಳು ಮಣ್ಣನ್ನು ಅಗಸರು ಕೆರೆದು ತರುತ್ತಿದ್ದರು. ಅದರಲ್ಲಿರುವುದು ಸೋಡಾದ ಲವಣಗಳು. ಸವಳು ಕಲಸಿದ ನೀರಿನಲ್ಲಿ ಅರಿಬಿ ಅದ್ದಿ, ಕುದಿಯುವ ಹಂಡೆಯ ಮೇಲೆ ಪೇರಿಸಿ, ಇರುಳೆಲ್ಲ ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಹಾಕುವುದು ಎಂದು ಹೆಸರು. ಹಬೆಯ ಕಾವಿಗೆ ಜಿಡ್ಡು ಸಡಿಲುತ್ತದೆ, ಹೇನು, ಕೂರೆ, ರೋಗಾಣು ಸಾಯುತ್ತವೆ. ಬೆಳಗ್ಗೆ ಹಳ್ಳಕ್ಕೆ ಒಯ್ದು ಕಲ್ಲಿಗೆ ಬಡಿದರೆ ಕೆಲಸ ಮುಗಿಯಿತು. ಮನೆಯಲ್ಲಿ ಒಗೆಯುವವರು ಒಲೆಯ ಬೂದಿಯ ತಿಳಿ ಬಳಸುತ್ತಿದ್ದರು. ರೇಷ್ಮೆಯ ಸೀರೆಗೆ, ಉಣ್ಣೆಗೆ ಸವಳು ತಾಗಿಸುವಂತಿರಲಿಲ್ಲ. ಅವು ಪ್ರಾಣಿಯಿಂದ ಬಂದ ನೂಲು, ಕ್ಷಾರಕ್ಕೆ ಕರಗುವಂಥವು. ಅವಕ್ಕೆ ಅಂಟುವಾಳಕಾಯಿಯ ನೊರೆ, ಇಲ್ಲವೇ ಸೀಗೆಕಾಯಿ.

ಈ ಸವಳಿಗೆ ಮುಂದೆ ಒಂದು ನೋವಿನ ಅಧ್ಯಾಯ ಸೇರಿತು. 1970ರ ದಶಕದ ಮೊದಲಲ್ಲಿ ಮುನವಳ್ಳಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು. 37.73 ಟಿಎಂಸಿ ನೀರು ಹಿಡಿಯುವ ಆ ಜಲಾಶಯಕ್ಕೆ ರೇಣುಕಾಸಾಗರ ಎಂದು ಹೆಸರಾಯಿತು. ಎಡದಂಡೆ, ಬಲದಂಡೆಯ ಕಾಲುವೆಗಳಿಂದ ಎರೆಭೂಮಿಗೆ ನೀರು ಹರಿದು, ಬಸಿದು ಹೋಗಲು ದಾರಿಯಿಲ್ಲದ ಕಡೆಗಳಲ್ಲಿ ಅಂತರ್ಜಲ ಮೇಲೇರಿ ನೆಲದಾಳದ ಉಪ್ಪನ್ನು ಮೇಲ್ಪದರಕ್ಕೆ ತಂದಿತು. ರೈತರು ಇದನ್ನು ಸವಳು-ಜವಳು ಎನ್ನುತ್ತಾರೆ. ಅಗಸರು ಹುಡುಕಿಕೊಂಡು ಹೋಗಿ ಕೆರೆದು ತರುತ್ತಿದ್ದ ಬಿಳಿ ಪುಡಿ ಈಗ ಬೆಳೆಯುವ ಹೊಲದಲ್ಲೇ ಹರಡಿತು. ಆದರೆ ಅಷ್ಟು ಹೊತ್ತಿಗೆ ಅದನ್ನು ಕೆರೆಯುವ ಕೈಗಳಿಗೆ ಬೇರೆ ಪುಡಿ ಸಿಕ್ಕಿತ್ತು. ಸರ್ಫ್ 1959ರಲ್ಲೇ ಭಾರತದ ಪೇಟೆಗೆ ಬಂದಿದ್ದರೂ ಹಳ್ಳಿಯ ಒಗ್ಯಾಣವನ್ನು ಬದಲಿಸಿದ್ದು 1969ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ನಿರ್ಮಾ. ದೊಡ್ಡ ಕಂಪನಿಯ ಪುಡಿಗಿಂತ ಎಷ್ಟೋ ಅಗ್ಗವಾದ ಅದು ಸಂತೆಯ ಅಂಗಡಿಗೂ ಬಂತು. ಗಡಸು ನೀರಿನಲ್ಲೂ ಪುಡಿ ನೊರೆ ಬಿಡುತ್ತಿತ್ತು. ಸಾಬಾಣದ ಹಾಗೆ ಕಸರು ಕಟ್ಟುತ್ತಿರಲಿಲ್ಲ. ಹೀಗಾಗಿ ನೀರು ಆರಿಸುವ ಕಟ್ಟಳೆ, ನೂರಾರು ವರ್ಷಗಳದ್ದು, ಒಂದೇ ತಲೆಮಾರಿನಲ್ಲಿ ಸಡಿಲವಾಯಿತು. ಕೈಗಳು ಮಾತ್ರ ಬೆಲೆ ತೆತ್ತವು. ಪುಡಿಯ ಸೋಡಾಕ್ಕೆ ಬೆರಳ ಸಂದು ಬಿರಿಯುವುದು, ಉಗುರಿನ ಸುತ್ತ ಹುಣ್ಣಾಗುವುದು ಒಗೆಯುವ ಹೆಂಗಸರ ಸಾಮಾನ್ಯ ದೂರು. ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದಷ್ಟೇ ಅವರಿಗೆ ಗೊತ್ತಿರುವ ಮದ್ದು.

ಬಿಳಿ ಬಟ್ಟೆಗೆ ಕೊನೆಯ ಸಂಸ್ಕಾರ ನೀಲಿ ಮತ್ತು ಗಂಜಿ. ಹತ್ತಿಯ ಬಟ್ಟೆ ಹಳತಾದಂತೆ ಹಳದಿಗೆ ತಿರುಗುತ್ತದೆ, ನೀಲಿಯ ಒಂದು ಎಳೆ ಆ ಹಳದಿಯನ್ನು ಕಣ್ಣಿನಿಂದ ಮರೆಸುತ್ತದೆ. ಮೊದಲು ಬಟ್ಟೆಯ ಚೂರಿನಲ್ಲಿ ಕಟ್ಟಿದ ರಾಬಿನ್ ನೀಲಿಯ ಪುಡಿ, 1983ರ ಅನಂತರ ಕೇರಳದಿಂದ ಬಂದ ಉಜಾಲಾದ ನಾಲ್ಕು ಹನಿ. ನೀಲಿಯನ್ನು ಬಟ್ಟೆಯ ಮೇಲೆ ನೇರವಾಗಿ ಸುರಿಯಬಾರದು, ನೀರಿಗೆ ಹಾಕಿ ಕದಡಿ ಆಮೇಲೆ ಅರಿಬಿ ಅದ್ದಬೇಕು. ಇದನ್ನು ಮುರಿದವರ ಅಂಗಿಯ ಬೆನ್ನ ಮೇಲಿನ ನೀಲಿ ಮಚ್ಚೆ ಊರಿಗೆಲ್ಲ ಸಾಕ್ಷಿ ಹೇಳುತ್ತದೆ. ಅನ್ನದ ಗಂಜಿ ಅಥವಾ ಸಾಬುದಾಣಿಯ ಗಂಜಿ ಹಾಕಿದ ಧೋತರಕ್ಕೆ ಮಣ್ಣು ಬೇಗ ಹಿಡಿಯದು. ಕೊಳೆ ಗಂಜಿಗೆ ಅಂಟಿಕೊಂಡು ಮುಂದಿನ ಒಗೆತದಲ್ಲಿ ಗಂಜಿಯ ಜೊತೆಗೇ ಬಿಟ್ಟುಹೋಗುತ್ತದೆ. ಠೀವಿಗೆಂದು ತಿಳಿಯುವ ಗಂಜಿ ಎರೆನಾಡಿನಲ್ಲಿ ಬಟ್ಟೆಯ ಕವಚವೂ ಹೌದು.

ಮಡಿವಾಳ

ಮಡಿ ಎಂದರೆ ಒಗೆದ ಬಟ್ಟೆ. ಆ ಮಾತಿನಿಂದಲೇ ಮಡಿವಾಳ ಎಂಬ ಹೆಸರು. ಈ ಸೀಮೆಯಲ್ಲಿ ಅಗಸರು ಎನ್ನುವುದು ರೂಢಿ. ಮರಾಠಿಯ ನೆರೆಯಿಂದಾಗಿ ಪರೀಟ ಎಂಬುದೂ ಕೇಳುತ್ತದೆ. ಆಯಗಾರಿಕೆಯ ಕಾಲದಲ್ಲಿ ಅಗಸರ ಮನೆತನಕ್ಕೆ ಇಂತಿಷ್ಟು ಮನೆಗಳು ಎಂದು ಗೊತ್ತಾಗಿರುತ್ತಿತ್ತು. ದುಡ್ಡಿನ ಲೆಕ್ಕವಿಲ್ಲ, ಸುಗ್ಗಿಯಲ್ಲಿ ರಾಶಿಯ ಕಣಕ್ಕೆ ಹೋದರೆ ಆಯದ ಜೋಳ, ಹಬ್ಬಕ್ಕೆ ಹೋಳಿಗೆ, ಮನೆಯ ಊಟದ ಪಾಲು. ಮದುವೆಯಲ್ಲಿ, ಶವಯಾತ್ರೆಯಲ್ಲಿ, ದೇವರ ಮೆರವಣಿಗೆಯಲ್ಲಿ ನಡೆಮಡಿ ಹಾಸುವುದೂ ಅವರ ಹಕ್ಕು ಮತ್ತು ಹೊಣೆ. ಯಾವ ಮನೆಯ ಅರಿಬಿ ಯಾವುದು ಎಂದು ಗುರುತಿಸಲು ಗುಡ್ಡಗೇರಿನ ಬೀಜದ ಎಣ್ಣೆಯಿಂದ ಮೂಲೆಯಲ್ಲಿ ಒಂದು ಚುಕ್ಕಿ, ಒಂದು ಗೀಟು, ಒಂದು ಕೊಂಡಿ ಹಾಕಿ, ಅದರ ಮೇಲೆ ಸುಣ್ಣ ಸವರುತ್ತಿದ್ದರು. ಎಷ್ಟು ಉಬ್ಬೆ ಹಾಕಿದರೂ ಹೋಗದ ಕರಿ ಗುರುತು ಅದು. ಅಕ್ಷರ ಬಾರದ ಮನೆತನ ಹಲವು ಮನೆಗಳ ಲೆಕ್ಕವನ್ನು ಆ ಗುರುತುಗಳಲ್ಲಿ ಇಡುತ್ತಿತ್ತು. ಗೇರೆಣ್ಣೆ ಕೆಲವರ ಮೈಗೆ ಆಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಸೈನಿಕರ ಕತ್ತಿನ ಮೇಲೆ, ಸೊಂಟದ ಮೇಲೆ ಏಳುತ್ತಿದ್ದ ಗುಳ್ಳೆಗಳಿಗೆ ಧೋಬಿಯ ಈ ಗುರುತೇ ಕಾರಣವೆಂದು ಅವರ ವೈದ್ಯರು ಕಂಡುಹಿಡಿದರು.

ಈ ಕೆಲಸಕ್ಕೆ ಕನ್ನಡ ನಾಡು ಕೊಟ್ಟ ದೊಡ್ಡ ಹೆಸರು ಮಡಿವಾಳ ಮಾಚಿದೇವನದು. ಇಂದಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವನು, 12ನೆಯ ಶತಮಾನದ ಶರಣ, ಕಲಿದೇವರದೇವ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದವನು. ಶರಣರ ಬಟ್ಟೆಗಳನ್ನಷ್ಟೇ ಒಗೆಯುವುದು ಅವನ ವ್ರತ. ಮಡಿಯ ಗಂಟನ್ನು ಹೊತ್ತು ನಡೆಯುವಾಗ ಶರಣರಲ್ಲದ ಭವಿಗಳು ಮುಟ್ಟದಿರಲೆಂದು ಗಂಟೆ ಬಾರಿಸುತ್ತಿದ್ದ ಎಂದು ಪುರಾಣಗಳು ಹೇಳುತ್ತವೆ. ಕಲ್ಯಾಣದ ಕ್ರಾಂತಿಯ ಅನಂತರ ಶರಣರು ಉಳವಿಯ ಕಡೆ ನಡೆದ ದಾರಿ ಈ ಸೀಮೆಯ ಮೇಲೆಯೇ ಹಾಯುತ್ತದೆ. ಕಿತ್ತೂರಿನ ಬಳಿಯ ಕಾದರವಳ್ಳಿಯಲ್ಲಿ ಕಾಳಗ ನಡೆಯಿತೆಂದೂ ಶರಣರ ಪಡೆಗೆ ಮಾಚಿದೇವ ಬೆಂಗಾವಲಾಗಿದ್ದನೆಂದೂ ಜನ ನಂಬಿದ್ದಾರೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನಡುವೆ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಅರಿಬಿ ಒಗೆಯುವ ಕೈ ಶರಣಪರಂಪರೆಯ ಒಂದು ಕಂಬವಾಯಿತು. ಫೆಬ್ರವರಿ 1ರಂದು ರಾಜ್ಯ ಸರ್ಕಾರ ಮಾಚಿದೇವ ಜಯಂತಿ ಆಚರಿಸುತ್ತದೆ.

ಆದರೂ ಮಡಿಯನ್ನು ಮಾಡಿಕೊಡುವವರನ್ನು ಅದೇ ಮಡಿಯ ಹೆಸರಿನಲ್ಲಿ ಅಂಗಳದಲ್ಲೇ ನಿಲ್ಲಿಸಿದ ಮನೆಗಳು ಕಡಿಮೆಯಿರಲಿಲ್ಲ. ಅಗಸರು ತಂದ ಬಟ್ಟೆಯ ಮೇಲೆ ಮತ್ತೊಮ್ಮೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವ ಪದ್ಧತಿ ಇತ್ತು. ಇನ್ನೊಂದು ಕಡೆ ದಲಿತರ ಅರಿಬಿಯನ್ನು ಅಗಸರಿಂದಲೂ ಒಗೆಸದಂತೆ ಊರು ತಡೆಯುತ್ತಿತ್ತು. ಹಳ್ಳದ ಹರಿವಿನಲ್ಲಿ ಮೇಲೆ ಕುಡಿಯುವ ನೀರು, ಕೆಳಗೆ ಸ್ನಾನ, ಅದರ ಕೆಳಗೆ ಅರಿಬಿ, ಕೊನೆಗೆ ದನ ಎಂಬ ಏರ್ಪಾಡು ಆರೋಗ್ಯದ ದೃಷ್ಟಿಯಿಂದ ಒಪ್ಪತಕ್ಕದ್ದು. ಅದೇ ಏರ್ಪಾಡಿನ ಕಟ್ಟಕಡೆಯಲ್ಲಿ ಒಂದು ಕೇರಿಯ ಮನುಷ್ಯರನ್ನು ಇಟ್ಟದ್ದು ಕ್ರೌರ್ಯ. ಒಂದೇ ಹಳ್ಳದ ಈ ಎರಡು ಕಟ್ಟಳೆಗಳನ್ನು ಸಂಪ್ರದಾಯ ಎಂಬ ಒಂದೇ ಮಾತಿನಿಂದ ಸಮರ್ಥಿಸುವುದು ತಪ್ಪು. ನಳ ಬಂದ ಮೇಲೆ ಮೊದಲನೆಯದು ತಾನಾಗಿ ಬಿತ್ತು. ಎರಡನೆಯದು ನೀರಿನಿಂದ ಹುಟ್ಟಿದ್ದಲ್ಲವಾದ್ದರಿಂದ ನಳದ ಸಾಲಿನಲ್ಲೂ ಬಹುಕಾಲ ಉಳಿಯಿತು.

ಮನೆಯೊಳಗಿನ ಕಟ್ಟಳೆ

ಬಸವಾದಿ ಶರಣರು ಜಾತಿ, ಜನನ, ರಜಸ್ಸು, ಎಂಜಲು, ಸಾವು ಎಂಬ ಐದು ಸೂತಕಗಳನ್ನೂ ಅಲ್ಲಗಳೆದರು. ಶರಣರ ಹೆಜ್ಜೆ ಬಿದ್ದ ಈ ಸೀಮೆಯಲ್ಲಿ ಬಚ್ಚಲಮನೆ ಮಾತ್ರ ಆ ಮಾತನ್ನು ಅರ್ಧವೇ ಕೇಳಿತು. ಬ್ರಾಹ್ಮಣರ ಮನೆಗಳಲ್ಲಿ ಒಗೆದ ಬಟ್ಟೆಯನ್ನು ಕೋಲಿನಿಂದ ಎತ್ತಿ ಸೂರಿನ ಕೆಳಗಿನ ಗಳುವಿನ ಮೇಲೆ ಹರವಿ, ಮರುದಿನ ಮಿಂದ ಮೇಲೆಯೇ ಮುಟ್ಟುವ ಮಡಿ ಇತ್ತು. ಅಷ್ಟು ಕಟ್ಟುನಿಟ್ಟು ಇಲ್ಲದ ಬೇರೆ ಮನೆಗಳಲ್ಲೂ ಸಾವಿಗೆ ಹೋಗಿಬಂದವರು ಉಟ್ಟ ಬಟ್ಟೆಯನ್ನು ಹೊರಗೇ ನೆನೆ ಹಾಕಬೇಕು, ದೇವರ ಮನೆಯ ವಸ್ತ್ರವನ್ನು ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು, ಬಾಣಂತಿಯ ಅರಿಬಿಯನ್ನೂ ಕೂಸಿನ ಅರಿಬಿಯನ್ನೂ ದೀಪ ಹಚ್ಚುವುದರೊಳಗೆ ಒಳಗೆ ತರಬೇಕು ಎಂಬವು ಇವೆ. ಕೂಸಿನ ಬಟ್ಟೆಯ ಮಾತಿಗೆ ಗಾಳಿ-ದೃಷ್ಟಿಯ ಭಯವನ್ನು ಕಾರಣವಾಗಿ ಹೇಳುತ್ತಾರೆ. ಇಬ್ಬನಿಯಿಂದ ಬಟ್ಟೆ ಮತ್ತೆ ತೇವವಾಗುವುದು, ಸಂಜೆಯ ಹುಳು ಮಡಿಕೆಯಲ್ಲಿ ಸೇರುವುದು ಕಣ್ಣಿಗೆ ಕಾಣುವ ಕಾರಣಗಳು. ದಿನಗಳ ವಿಷಯದಲ್ಲಿ ಮನೆಗೊಂದು ನಡಾವಳಿ. ಅಮಾವಾಸ್ಯೆಯಂದು ಗಂಟು ಬಿಚ್ಚದವರಿದ್ದಾರೆ, ಮಂಗಳವಾರ ಮತ್ತು ಶುಕ್ರವಾರ ಅಗಸರಿಗೆ ಅರಿಬಿ ಕೊಡದವರಿದ್ದಾರೆ. ಹೊಸ ಬಟ್ಟೆಯ ಅಂಚಿಗೆ ಅರಿಷಿಣ-ಕುಂಕುಮ ಹಚ್ಚದೆ ಉಡಬಾರದು ಎಂಬುದನ್ನು ಇಂದಿಗೂ ಹೆಚ್ಚಿನ ಮನೆಗಳು ನಡೆಸುತ್ತವೆ.

ಮುಟ್ಟಿನ ಬಟ್ಟೆಯ ಕಟ್ಟಳೆ ಮಾತ್ರ ನೇರವಾಗಿ ಹಾನಿ ಮಾಡಿತು. ಯಾರ ಕಣ್ಣಿಗೂ ಬೀಳಬಾರದೆಂದು ಕತ್ತಲಲ್ಲಿ ಒಗೆದು, ಹಿತ್ತಿಲ ಮೂಲೆಯಲ್ಲಿ, ಬೇರೆ ಬಟ್ಟೆಯ ಕೆಳಗೆ, ದನದ ಕೊಟ್ಟಿಗೆಯ ಸಂದಿನಲ್ಲಿ ಒಣಗಿಸಬೇಕಿತ್ತು. ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೇಕಾದ ಬಟ್ಟೆಗೇ ಬಿಸಿಲು ಇಲ್ಲ. ಹಸಿ ಆರದ ಬಟ್ಟೆಯಿಂದ ತುರಿಕೆ, ಸೋಂಕು ಅನುಭವಿಸಿದ ತಲೆಮಾರುಗಳು ಅದನ್ನು ಹೇಳಿಕೊಳ್ಳಲೂ ನಾಚಿದವು. 2013-14ರಿಂದ ರಾಜ್ಯದ ಶುಚಿ ಯೋಜನೆಯಲ್ಲಿ ಹದಿಹರೆಯದ ಹುಡುಗಿಯರಿಗೆ ಪ್ಯಾಡ್ ಕೊಡುವುದು ಆರಂಭವಾಯಿತು. ಬಟ್ಟೆಯನ್ನೇ ಬಳಸುವವರು ಇಂದಿಗೂ ಇದ್ದಾರೆ. ಅವರು ಅದನ್ನು ಹಗ್ಗದ ಮೇಲೆ, ಹಗಲಿನಲ್ಲಿ, ಎಲ್ಲರೆದುರು ಒಣಹಾಕುವಂತಾಗಬೇಕು. ಈ ಒಂದು ಕಟ್ಟಳೆಯನ್ನು ಮುರಿದಷ್ಟೂ ಒಳ್ಳೆಯದು.

ಇಳಕಲ್ಲ ಸೀರೆ, ಕಂಬಳಿ, ಕೌದಿ

ಈ ಸೀಮೆಯ ಅರಿಬಿಯಲ್ಲಿ ಮೂರಕ್ಕೆ ವಿಶೇಷ ನಡೆ ಉಂಟು. ರಾಮದುರ್ಗ, ಸುರೇಬಾನ ಕಡೆಯ ಮಗ್ಗಗಳಲ್ಲೂ ಇಳಕಲ್ಲ ಮಾದರಿಯ ಸೀರೆ ನೇಯುತ್ತಾರೆ. ಒಡಲು ಹತ್ತಿಯದು, ಅಂಚು, ಸೆರಗು ರೇಷ್ಮೆಯದು ಅಥವಾ ಚಮಕದ್ದು, ಅಂದರೆ ಕೃತಕ ರೇಷ್ಮೆಯದು. ಸೆರಗಿನ ಟೋಪ ತೆನಿಯಲ್ಲಿ ಕೆಂಪು-ಬಿಳುಪು ಪಕ್ಕಪಕ್ಕ ಇರುವುದರಿಂದ ಕೆಂಪು ಬಿಟ್ಟರೆ ಬಿಳುಪು ಕೆಟ್ಟಿತು. ಆದ್ದರಿಂದ ಮೊದಲ ಒಗೆತ ತಣ್ಣೀರಿನಲ್ಲಿ, ಒಂದು ಹಿಡಿ ಉಪ್ಪು ಹಾಕಿ, ಒಂಟಿಯಾಗಿ, ನೆನೆ ಹಾಕಿ ಬಿಡುವಂತಿಲ್ಲ, ಸೆರಗನ್ನು ಹಿಂಡುವಂತಿಲ್ಲ, ನೆರಳಿನಲ್ಲಿ, ಒಳಮಗ್ಗುಲು ಹೊರಗಾಗಿ ಒಣಗಿಸಬೇಕು. ಕೃತಕ ರೇಷ್ಮೆಯ ನೂಲು ಒದ್ದೆಯಾದಾಗ ತನ್ನ ಬಲವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಒಣಗಿದ್ದಾಗ ಜಗ್ಗಿದರೂ ಹರಿಯದ ಸೆರಗು ಬಚ್ಚಲಲ್ಲಿ ಹರಿಯುವುದು ಅದಕ್ಕೇ. ಗುಳೇದಗುಡ್ಡದ ಖಣದ ಕುಬಸಕ್ಕೂ ಇದೇ ನಯ. ಮಷಿನ್ ಬಂದ ಮನೆಗಳಲ್ಲಿ ಈ ಪಾಠ ಮರೆತು ಎಷ್ಟು ಒಳ್ಳೆಯ ಸೀರೆಗಳು ಹಾಳಾದವು!

ಕಂಬಳಿಯದು ತದ್ವಿರುದ್ಧ. ಅದನ್ನು ಒಗೆಯದಿರುವುದೇ ಕಟ್ಟಳೆ. ನೇಯ್ದ ಕಂಬಳಿಗೆ ಹುಣಸೆಬೀಜದ ಸರಿ ಹಚ್ಚಿ ಬಿಗಿ ಮಾಡಿರುತ್ತಾರೆ. ಕುರಿಯ ಉಣ್ಣೆಗೆ ತನ್ನದೇ ಜಿಡ್ಡೂ ಇದೆ. ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದವನ ಮೈಗೆ ನೀರು ಇಳಿಯದಿರುವುದು ಈ ಎರಡರಿಂದ. ಸಾಬಾಣ ಹಾಕಿ ಒಗೆದರೆ ಎರಡೂ ಹೋಗಿ ಅದು ಜೊಳಜೊಳ ಚಿಂದಿಯಾಗುತ್ತದೆ. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಸಾಕು. ಕಂಬಳಿಗೆ ಮೈಲಿಗೆಯಿಲ್ಲ ಎಂಬ ನಂಬಿಕೆ, ಪೂಜೆಗೆ, ಪಂಚಾಯ್ತಿಗೆ ಕಂಬಳಿಯ ಗದ್ದಿಗೆ ಹಾಸುವ ಪದ್ಧತಿ, ಎಲ್ಲಕ್ಕೂ ಈ ವಸ್ತುಗುಣದ ಒತ್ತಾಸೆ ಇದೆ. ರೇಷ್ಮೆಗೆ ಮೈಲಿಗೆಯಿಲ್ಲ ಎನ್ನುವುದೂ ಹಾಗೆಯೇ. ಒಗೆದರೆ ಕೆಡುವ ಬಟ್ಟೆಯನ್ನು ಸದಾ ಮಡಿ ಎಂದು ಸಾರಿದ ಹಿರಿಯರು ಬಟ್ಟೆಯನ್ನು ಬಲ್ಲವರು.

ಕೌದಿಯ ಒಗ್ಯಾಣ ಮನೆಯ ಕೆಲಸವಲ್ಲ, ಕೇರಿಯ ಕೆಲಸ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿದ ಕೌದಿ ನೀರು ಕುಡಿದರೆ ಎರಡು ಮೂರು ಪಟ್ಟು ತೂಗುತ್ತದೆ. ಒಬ್ಬರ ಕೈಗೆ ಆಗದು. ಮಹಾನವಮಿಯ ಘಟ್ಟ ಹಾಕುವ ಮೊದಲು ಮನೆಯ ಹಾಸಿಗೆ-ಹೊದಿಕೆಯೆಲ್ಲ ಒಗೆಯಲೇಬೇಕು. ಮಳೆಗಾಲದ ಮುಗ್ಗಲು ಹೋಗಿ ಚಳಿಗಾಲಕ್ಕೆ ಸಜ್ಜಾಗುವ ಹೊತ್ತು ಅದು. ಹೊಳೆಯೂ ತಿಳಿಯಾಗಿರುತ್ತದೆ. ನಸುಕಿನಲ್ಲಿ ರೊಟ್ಟಿ, ಝುಣಕ, ಚಟ್ನಿಯ ಬುತ್ತಿ ಕಟ್ಟಿಕೊಂಡು ನೆರೆಹೊರೆಯವರು ಚಕ್ಕಡಿಯಲ್ಲಿ ಗಂಟು ಹೇರಿ ಹೊಳೆಗೆ ಹೋಗುತ್ತಾರೆ. ಕೌದಿಯನ್ನು ಹಾಸುಗಲ್ಲಿನ ಮೇಲೆ ಹರವಿ, ಪುಡಿ ಚೆಲ್ಲಿ, ಸೀರೆ ಮೇಲೆ ಕಟ್ಟಿ ಇಬ್ಬರು ಮೂವರು ಕಾಲಲ್ಲಿ ತುಳಿಯುತ್ತಾರೆ. ಆಮೇಲೆ ಎರಡು ತುದಿ ಇಬ್ಬರು ಹಿಡಿದು, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ತಿರುವಿ ಹಿಂಡುತ್ತಾರೆ. ದಂಡೆಯ ಬಂಡೆ, ಮರಳು, ಜಾಲಿಯ ಕಂಟಿಯ ಮೇಲೆಲ್ಲ ಬಣ್ಣಬಣ್ಣದ ಕೌದಿ ಹರಡಿದ ಆ ಒಂದು ದಿನ ಅತ್ತೆಯ ಕಣ್ಣಿಲ್ಲದ ಮಾತು, ನಗು, ಹಾಡು. ದುಡಿಮೆ ಅದೇ, ಬೆನ್ನುನೋವು ಅದೇ. ಆದರೆ ಮನೆಯ ಬಚ್ಚಲಿನ ಒಂಟಿ ಒಗ್ಯಾಣದಲ್ಲಿ ಇಲ್ಲದ ಒಡನಾಟ ಅಲ್ಲಿತ್ತು ಎಂದು ಹಿರಿಯ ಹೆಂಗಸರು ನೆನೆಯುವುದು ಸುಳ್ಳಲ್ಲ.

ಒಣಗಿಸುವುದರಲ್ಲಿ ಪಡುವಣ-ಮೂಡಣದ ಅಂತರ ದೊಡ್ಡದು. ಮಲೆನಾಡ ಸೆರಗಿನ ಕಿತ್ತೂರಿನಲ್ಲಿ ಆಷಾಢ-ಶ್ರಾವಣದ ಅರಿಬಿ ಮೂರು ದಿನಕ್ಕೂ ಆರದು. ಒಲೆಯ ಮೇಲಿನ ಜಂತಿಗೆ ಕಟ್ಟಿದ ಹಗ್ಗದಲ್ಲಿ ಹೊಗೆ ಕುಡಿದು ಒಣಗುತ್ತದೆ. ರಾಮದುರ್ಗದ ಬೇಸಿಗೆಯಲ್ಲಿ ಹಗ್ಗದ ಆ ತುದಿಗೆ ಹಾಕುವಷ್ಟರಲ್ಲಿ ಈ ತುದಿಯದು ಒಣಗಿರುತ್ತದೆ. ರಾಮದುರ್ಗದಲ್ಲಿ ಕೊರತೆ ನೀರಿನದು, ಕಿತ್ತೂರಿನಲ್ಲಿ ಬಿಸಿಲಿನದು.

ಅಣೆಕಟ್ಟಿನ ಅನಂತರ

ರೇಣುಕಾಸಾಗರದ ಹಿನ್ನೀರಿನಲ್ಲಿ ಹೊಲ, ಊರುಗಳ ಜೊತೆ ಒಗೆಯುವ ಕಲ್ಲುಗಳೂ ಮುಳುಗಿದವು. ಅಣೆಕಟ್ಟಿನ ಕೆಳಗೆ ಹೊಳೆ ವರ್ಷದ ಬಹುಪಾಲು ಬತ್ತಿ ಅಲ್ಲಲ್ಲಿ ಮಡುವಾಯಿತು. ಒಗೆಯುವವರು ಕಾಲುವೆಗೆ ನಡೆದರು. ಕಾಲುವೆಯ ನೀರು ತಿಳಿ, ಹರಿವು ಜೋರು, ಆದರೆ ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಹೊಲವಿತ್ತು, ಹೆಂಗಸರಿರಲಿಲ್ಲ. ಇಳಿಜಾರಿನ ನುಣ್ಣನೆಯ ಗೋಡೆಗೆ ಪಾಚಿ ಹಿಡಿದರೆ ಕಾಲು ನಿಲ್ಲದು. ಸೇತುವೆಯ ಬಳಿ ಮೆಟ್ಟಿಲಿದ್ದಲ್ಲಿ ಸಾಲುಗಟ್ಟಿ ಕೂರುತ್ತಾರೆ, ಇಲ್ಲದಲ್ಲಿ ಒಬ್ಬರ ಸೆರಗು ಒಬ್ಬರು ಹಿಡಿದು ಒಗೆಯುತ್ತಾರೆ. ಪ್ರತಿ ಹಳ್ಳಿಯ ಬಳಿ ಹತ್ತು ಮೆಟ್ಟಿಲು, ಹಿಡಿಯಲು ಒಂದು ಸರಪಳಿ ಇಟ್ಟರೆ ಜೀವ ಉಳಿಯುತ್ತದೆ. ಇದು ದೊಡ್ಡ ಖರ್ಚಿನ ಮಾತಲ್ಲ.

ಜಲಾಶಯದ ನೀರನ್ನು ಹುಬ್ಬಳ್ಳಿ-ಧಾರವಾಡದ ಜನ ಕುಡಿಯುತ್ತಾರೆ. ಆದ್ದರಿಂದ ದಂಡೆಯಲ್ಲಿ ಪುಡಿ ಹಾಕಿ ಒಗೆಯುವುದು ಈಗ ಊರೊಳಗಿನ ವಿಷಯವಾಗಿ ಉಳಿದಿಲ್ಲ. ಮಾರ್ಜಕದ ಫಾಸ್ಫೇಟು ನಿಂತ ನೀರಿನಲ್ಲಿ ಪಾಚಿಗೆ ಗೊಬ್ಬರವಾಗುತ್ತದೆ. ಎಲ್ಲಮ್ಮನ ಗುಡ್ಡದ ಜೋಗುಳಬಾವಿಯಂಥ ತೀರ್ಥಗಳಲ್ಲಿ ಮಿಂದು ಒದ್ದೆ ಬಟ್ಟೆಯನ್ನು ನೀರಿನ ಬಳಿಯೇ ಬಿಟ್ಟುಬರುವ ಪದ್ಧತಿಯೂ ಹೀಗೆಯೇ ನೀರನ್ನು ಕೆಡಿಸುತ್ತದೆ. ಹತ್ತಿಯ ಬಟ್ಟೆ ಕೊಳೆತು ಮಣ್ಣಾಗುತ್ತಿದ್ದ ಕಾಲದಲ್ಲಿ ಅದು ನಡೆಯಿತು, ಪಾಲಿಯೆಸ್ಟರ್ ಕೊಳೆಯುವುದಿಲ್ಲ.

2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗಕ್ಕೆ ನುಗ್ಗಿತು. ಇಳಿದ ಮೇಲೆ ಮನೆಗಳಲ್ಲಿ ಉಳಿದದ್ದು ಮೊಣಕಾಲುದ್ದದ ರಾಡಿ ಮತ್ತು ಅದರಲ್ಲಿ ಹೂತ ಅರಿಬಿ. ಮಗ್ಗದಲ್ಲಿದ್ದ ಸೀರೆ, ಮದುವೆಗೆಂದು ತೆಗೆದಿಟ್ಟ ಜವಳಿ, ಕೌದಿ, ಶಾಲೆಯ ಸಮವಸ್ತ್ರ ಎಲ್ಲವೂ ಒಂದೇ ಬಣ್ಣವಾಗಿದ್ದವು. ಎಷ್ಟೋ ಮನೆಯವರು ವಾರಗಟ್ಟಲೆ ಒಗೆದರು. ಮೊದಲು ಬರಿನೀರಿನಲ್ಲಿ ರಾಡಿ ಬಿಡಿಸಿ ಆಮೇಲೆ ಸಾಬಾಣ ಎಂಬ ಹಳೆಯ ಪಾಠ ಗೊತ್ತಿದ್ದವರ ಬಟ್ಟೆ ಮಾತ್ರ ಮರಳಿ ಬಟ್ಟೆಯಾಯಿತು.

ಜಲಜೀವನ ಯೋಜನೆ ಕರ್ನಾಟಕದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ ಬಂದು ಹಲವು ಹಳ್ಳಿಗಳ ಅಂಗಳಕ್ಕೆ ನಳ ತಂದಿದೆ. ಬೈಲಹೊಂಗಲ, ಸವದತ್ತಿ ಪಟ್ಟಣಗಳ ಅಂಗಡಿಗಳಲ್ಲಿ ವಾಷಿಂಗ್ ಮಷಿನ್ ಕಂತಿನ ಮೇಲೆ ಸಿಗುತ್ತದೆ. ಅಗಸರ ಮಕ್ಕಳಲ್ಲಿ ಹೆಚ್ಚಿನವರು ಇಸ್ತ್ರಿಯ ಅಂಗಡಿಗೆ, ಡ್ರೈಕ್ಲೀನಿಂಗಿಗೆ, ಬೇರೆ ಉದ್ಯೋಗಕ್ಕೆ ತಿರುಗಿದ್ದಾರೆ; ಉಬ್ಬೆಯ ಹಂಡೆ, ಕತ್ತೆ ಎರಡೂ ಕಣ್ಮರೆಯಾಗುತ್ತಿವೆ. ಮಷಿನ್ ಇರುವ ಮನೆಯಲ್ಲೂ ಗಂಡಸಿನ ಕೆಲಸದ ಬಟ್ಟೆಯ ಕೊರಳು, ತೋಳು, ಧೋತರದ ಅಂಚನ್ನು ಮೊದಲು ಕಲ್ಲಿನ ಮೇಲೆ ತಿಕ್ಕಿಯೇ ಒಳಗೆ ಹಾಕುತ್ತಾರೆ. ಎರೆಯನ್ನು ಮಷಿನ್ ಪೂರ್ತಿ ಬಿಡಿಸಲಾರದು. ಗುಂಡಿ ಒತ್ತುವವರು ಸಹ ಹೆಂಗಸರೇ. ಆರು, ಏಳು ಕಿಲೋ ಹಿಡಿಯುವ ಮಷಿನ್ನಿನಲ್ಲಿ ನೀರು ಕುಡಿದ ಕೌದಿ ಹಿಡಿಸುವುದಿಲ್ಲ. ಹಾಗಾಗಿ ಭಾದ್ರಪದ ಕಳೆಯುವ ಹೊತ್ತಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗಂಟು, ಬುತ್ತಿ, ಪುಡಿಯ ಪೊಟ್ಟಣ, ಮಕ್ಕಳು ಎಲ್ಲವನ್ನೂ ಹೇರಿಕೊಂಡು ಕಾಲುವೆಯ ಕಡೆ ಹೋಗುವವರನ್ನು ಈ ದಾರಿಗಳಲ್ಲಿ ಈಗಲೂ ನೋಡಬಹುದು.